ವಿಜಯಪುರದಲ್ಲಿ ಒಂದೇ ದಿನ ಇದ್ದರೆ: ಚನ್ನಗಿರಿ ಅಣ್ಣನವರಿಗೆ ಉತ್ತರ

ಅಣ್ಣಾರ, ನಮಸ್ಕಾರ್ರೀ. ಗುರುವಾರ ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ನೋಡಿ ರಾತ್ರಿ ವಿಜಯಪುರದ ಲಾಡ್ಜ್‌ನಲ್ಲಿ ಉಳಿಯುತ್ತೇವೆ, ಶುಕ್ರವಾರ ಹೆಂಡತಿ ಮಕ್ಕಳ ಜೊತೆ ಊರು ಸುತ್ತಿ ರಾತ್ರಿ ರೈಲು ಹಿಡಿಯುತ್ತೇವೆ, ಏನು ನೋಡಬೇಕು, ಏನು ತಿನ್ನಬೇಕು ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಯಾರೋ ಹದಿನಾಲ್ಕು ಜಾಗದ ಪಟ್ಟಿ ಹಾಕಿದ್ದಾರೆ. ಅಷ್ಟೂ ನೋಡಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಎಲ್ಲ ಗುಮ್ಮಟವೂ ಒಂದೇ ಥರ ಕಾಣುತ್ತದೆ. ನಾನು ಹೇಳುವುದು ಏಳೆಂಟು ಮಾತ್ರ.

ಬೆಳಿಗ್ಗೆ ಆರಕ್ಕೆ ಗೋಳಗುಮ್ಮಟದ ಗೇಟಿನಲ್ಲಿ ಇರಿ. ಟೀ ಕುಡಿದುಕೊಂಡು ಹೋಗಿ, ತಿಂಡಿ ಆಮೇಲೆ. ಇಷ್ಟು ಬೇಗ ಯಾಕೆ ಅಂದರೆ, ಆ ಕಟ್ಟಡದ ಮಜಾ ಇರುವುದು ಕಿವಿಯಲ್ಲಿ. ಏಳು ಅಂತಸ್ತಿನ ಮೂಲೆ ಗೋಪುರದೊಳಗೆ ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಒಳಗೆ ಸುತ್ತಲೂ ಒಂದು ಮೊಗಸಾಲೆ. ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೂತವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲ ಮರಳುತ್ತದೆ ಎನ್ನುತ್ತಾರೆ, ಬೇಕಾದರೆ ನೀವೇ ಎಣಿಸಿ. ಆದರೆ ಹತ್ತು ಗಂಟೆಯ ಮೇಲೆ ಶಾಲೆ ಮಕ್ಕಳ ಬಸ್ಸು ಬಂತೋ, ಮುಗೀತು. ಇನ್ನೂರು ಮಂದಿ ಒಟ್ಟಿಗೆ ಕೂಗಿದರೆ ಏನು ಕೇಳೀತು? ನಮ್ಮ ಮಾವನವರನ್ನು ಒಂದು ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗಿದ್ದೆ. ಅವರು ಎರಡೂ ಕಿವಿ ಮುಚ್ಚಿಕೊಂಡೇ ಕೆಳಗಿಳಿದರು.

ಇದು ವಿಜಯಪುರ ಆಳಿದ ಸುಲ್ತಾನ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ತೀರಿಕೊಂಡಿದ್ದು 1656ರಲ್ಲಿ. ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್. ಒಳಗೆ ನಡುವೆ ಒಂದೂ ಕಂಬವಿಲ್ಲ. ಒಂದಕ್ಕೊಂದು ಹೆಣೆದ ಕಮಾನುಗಳ ಮೇಲೆ ಅಷ್ಟು ಭಾರ ಕೂತಿದೆ, ತಲೆಯೆತ್ತಿ ಮೂಲೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಮುಂದಿರುವ ಮ್ಯೂಸಿಯಂಗೆ ಶುಕ್ರವಾರ ರಜೆ, ಅದನ್ನು ಬಿಡಿ. ಚಪ್ಪಲಿ ಹೊರಗೇ ಬಿಡಬೇಕು. ಫೆಬ್ರವರಿಯಲ್ಲೇ ನಮ್ಮಲ್ಲಿ ಕಲ್ಲು ಕಾಯುತ್ತದೆ, ಮಕ್ಕಳಿಗೆ ಹಳೆ ಕಾಲುಚೀಲ ಇಟ್ಟುಕೊಂಡಿರಿ.

ತಿಂಡಿಗೆ ಮಸಾಲೆ ದೋಸೆ ಹುಡುಕಬೇಡಿ, ಅದು ನಿಮ್ಮ ದಾವಣಗೆರೆಯಲ್ಲೇ ಚೆಂದ. ಇಲ್ಲಿ ಚುರುಮುರಿ ಸೂಸಲ, ಅಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ ತಿನ್ನಿ. ಮಕ್ಕಳಿಗೆ ಖಾರ ಆದರೆ ಉಪ್ಪಿಟ್ಟು ಎಲ್ಲಾ ಕಡೆ ಸಿಗುತ್ತದೆ.

ಆಮೇಲೆ ಒಂದು ಆಟೋ ಮಾತಾಡಿಕೊಳ್ಳಿ. ಗೋಳಗುಮ್ಮಟ ಊರಿನ ಮೂಡಣ ತುದಿ, ಇಬ್ರಾಹಿಂ ರೋಜಾ ಎಂಬ ಇನ್ನೊಂದು ಸಮಾಧಿ ಪಡುವಣ ತುದಿ. ಉಳಿದದ್ದೆಲ್ಲ ನಡುವೆ ಬರುತ್ತದೆ, ಹಿಂದೆ ಮುಂದೆ ಓಡಾಡಬೇಕಿಲ್ಲ. ಬಾರಾ ಕಮಾನ್ ದಾರಿಯಲ್ಲಿ ಹದಿನೈದು ನಿಮಿಷ ಸಾಕು. ಎರಡನೇ ಅಲಿ ಆದಿಲ್ ಶಾಹನ ಅರ್ಧಕ್ಕೆ ನಿಂತ ಸಮಾಧಿ ಅದು. ಬರೀ ಕಮಾನುಗಳು, ಮೇಲೆ ಆಕಾಶ. ಜುಮ್ಮಾ ಮಸೀದಿ ಚೆನ್ನಾಗಿದೆ, ಆದರೆ ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು, ಹೋಗುವುದಾದರೆ ಹನ್ನೊಂದರೊಳಗೆ ಹೋಗಿಬನ್ನಿ. ಮಲಿಕ್ ಎ ಮೈದಾನ್ ತೋಪನ್ನು ಮಕ್ಕಳು ಬಿಟ್ಟು ಬರುವುದಿಲ್ಲ. ಸುಮಾರು 55 ಟನ್ ತೂಕ, ಬಾಯಿ ಸಿಂಹದ್ದು. ಬ್ರಿಟಿಷರ ಕಾಲದಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿಯಂತೆ! ಪುಣ್ಯಕ್ಕೆ ಮಾರಲಿಲ್ಲ. ಪಕ್ಕದಲ್ಲೇ ಉಪ್ಪಲಿ ಬುರುಜು ಇದೆ, ಕಾಲಲ್ಲಿ ಶಕ್ತಿ ಉಳಿದಿದ್ದರೆ ಹತ್ತಿ.

ಊಟ ಮಾತ್ರ ಖಾನಾವಳಿಯಲ್ಲೇ ಮಾಡಿ. ದೊಡ್ಡ ಬೋರ್ಡು ನೋಡಬೇಡಿ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದಾ ಎಂದು ನೋಡಿ. ಹಿಂಗಾರಿನ ಬಿಳಿಜೋಳದ ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಹಸಿ ಮೆಂತ್ಯ, ಉಳ್ಳಾಗಡ್ಡಿ. ಹಿಂಡಿಯನ್ನು ಒಣದಾಗಿ ತಿನ್ನಬೇಡಿ, ಮೊಸರಲ್ಲಿ ಕಲಸಿಕೊಳ್ಳಿ. ಅನ್ನಕ್ಕೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಲಾಡ್ಜ್‌ಗೆ ಹೋಗಿ ಮೂರರವರೆಗೆ ಮಲಗಿ. ಆ ಬಿಸಿಲಲ್ಲಿ ನಾವೂ ಹೊರಗೆ ಬರುವುದಿಲ್ಲ.

ಎದ್ದ ಮೇಲೆ ತಾಜ್ ಬಾವಡಿ, ಸುಲ್ತಾನರ ಕಾಲದ ದೊಡ್ಡ ಬಾವಿ. ನಿಮ್ಮಂಥ ತೋಟದವರಿಗೆ ನಾನು ಬೇರೆ ಎಲ್ಲಕ್ಕಿಂತ ಜಾಸ್ತಿ ಹೇಳುವುದು ಇದನ್ನೇ. ಇಷ್ಟು ಒಣ ನೆಲದಲ್ಲಿ ಒಂದು ರಾಜಧಾನಿ ನೀರು ಕುಡಿದದ್ದು ಹೇಗೆ? ತೊರವಿ ಕಡೆಯಿಂದ ನೆಲದೊಳಗೆ ಸುರಂಗ ತೋಡಿ, ಅಲ್ಲಲ್ಲಿ ಗಾಳಿಗೆ ಬಾವಿಯಂಥ ಕಿಂಡಿ ಬಿಟ್ಟು, ಪಂಪಿಲ್ಲದೆ ಬರೀ ಇಳಿಜಾರಿನಲ್ಲಿ ನೀರು ತಂದರು. ಅದಕ್ಕೆ ಕರೇಜ್ ಎನ್ನುತ್ತಾರೆ. ಊರೊಳಗೆ ಮಣ್ಣಿನ ಪೈಪು. ಒತ್ತಡ ಜಾಸ್ತಿಯಾಗಿ ಪೈಪು ಒಡೆಯದಿರಲಿ ಎಂದು ನಡುನಡುವೆ ಗಂಜ್ ಎಂಬ ಚೌಕ ಗೋಪುರ ಕಟ್ಟಿದರು. ನೀರು ಅದರಲ್ಲಿ ಏರಿ ಇಳಿದು ಮುಂದೆ ಹೋಗುತ್ತಿತ್ತು, ಹೂಳು ಅಲ್ಲೇ ಕೂರುತ್ತಿತ್ತು. ನಮ್ಮ ಡ್ರಿಪ್‌ಗೆ ಫಿಲ್ಟರು, ಏರ್ ವಾಲ್ವು ಕೂರಿಸುತ್ತೇವಲ್ಲ, ಅದೇ ಲೆಕ್ಕ. ಆಟೋದವರಿಗೆ ಒಂದು ಗಂಜ್ ತೋರಿಸಿ ಎಂದು ಕೇಳಿ.

ನಾಲ್ಕೂವರೆಗೆ ಇಬ್ರಾಹಿಂ ರೋಜಾ. ನನ್ನನ್ನು ಕೇಳಿದರೆ ಗೋಳಗುಮ್ಮಟಕ್ಕಿಂತ ಇದೇ ಚೆಂದ, ನಮ್ಮೂರಲ್ಲಿ ಈ ಜಗಳ ಮುಗಿಯುವುದಿಲ್ಲ ಬಿಡಿ. ಅದು ದೊಡ್ಡದು, ಇದು ನಾಜೂಕು. ಇಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾಹ ಸಂಗೀತದ ಹುಚ್ಚಿನ ದೊರೆ, 1627ರಲ್ಲಿ ತೀರಿಕೊಂಡ. ಕಲ್ಲಿನ ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ. ಜಾಲರಿ ಅಂದುಕೊಂಡದ್ದು ಅಕ್ಷರ! ಅಕ್ಷರಗಳ ಸಂದಿನಿಂದಲೇ ಬೆಳಕು ಒಳಗೆ ಬರುತ್ತದೆ. ಹುಲ್ಲಿನ ಮೇಲೆ ಸುಮ್ನೆ ಅರ್ಧ ಗಂಟೆ ಕೂತಿರಿ.

ಕತ್ತಲಾದ ಮೇಲೆ ಸಿದ್ಧೇಶ್ವರ ಗುಡಿಗೆ ಹೋಗಿ, ಹೊರಗೆ ಮಂಡಕ್ಕಿಯ ಗಿರ್ಮಿಟ್ ತಿಂದು, ರೈಲಿಗೆ ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಿ. ಒಣದ್ರಾಕ್ಷಿಯನ್ನು ಪೇಟೆಯಲ್ಲಿ ಕೊಳ್ಳಬೇಡಿ, ಗುರುವಾರ ಶೆಡ್‌ನಲ್ಲೇ ತೂಗಿಸಿಕೊಳ್ಳಿ. ಫಳಫಳ ಹಳದಿ ಇರುವುದು ಸಾಮಾನ್ಯವಾಗಿ ಗಂಧಕದ ಹೊಗೆ ಕೊಟ್ಟದ್ದು, ನಮ್ಮ ಮನೆಗೆ ನಾವು ಹಸಿರನ್ನೇ ತರುತ್ತೇವೆ. ಕಡಕ್ ರೊಟ್ಟಿಯೂ ಒಂದು ಕಟ್ಟು ತಗೊಳ್ಳಿ, ವಾರಗಟ್ಟಲೆ ಇರುತ್ತದೆ. ಆದರೆ ಬ್ಯಾಗಿನ ತಳಕ್ಕೆ ಹಾಕಿದರೆ ಚನ್ನಗಿರಿ ಮುಟ್ಟುವಷ್ಟರಲ್ಲಿ ಪುಡಿ. ಕೈಯಲ್ಲೇ ಹಿಡಿದುಕೊಳ್ಳಿ.