ಬರಹಗಾರರಿಗೆ ಸಲಹೆ: ಬೆಂಗಳೂರಿನ ಆ ಕೂಸುಗಳಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ 'ಹಸುವಿನಿಂದ ಮಗುವಿಗೆ: ರೋಟಾವೈರಸ್ ಸಂಚು' ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ನೀವು ಚೆನ್ನಾಗಿ ಓದಿಕೊಂಡಿದ್ದೀರಿ, ಅದು ಕಾಣುತ್ತದೆ.

ಮೊದಲ ಎರಡು ಪುಟ ಬರೀ ಪೀಠಿಕೆ. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ತಂಡ ಭೇದಿಯಾದ ಮಕ್ಕಳ ಕರುಳಿನಲ್ಲಿ ಈ ವೈರಸ್ ಕಂಡದ್ದು, ಗಾಲಿಯ ಹಾಗಿದೆ ಎಂದು ಆ ಹೆಸರು ಬಂದದ್ದು, ಎರಡು ಸಾಲಿಗೆ ಮುಗಿಯುತ್ತದೆ. ಜಿ1ಪಿ8, ಜಿ2ಪಿ4 ಎಂಬ ಅರ್ಧ ಪುಟದ ಪಟ್ಟಿ ಯಾರಿಗೆ ಬೇಕು? ಜಿ ಮತ್ತು ಪಿ ಎಂದರೆ ವೈರಸ್ಸಿನ ಹೊರಪದರದ ಎರಡು ಪ್ರೊಟೀನುಗಳ ಗುರುತು ಎಂದಿಷ್ಟು ಹೇಳಿ ಮುಂದೆ ಹೋಗಿ.

ನಿಮ್ಮ ಕತೆ ಇರುವುದು ಆರನೇ ಪುಟದಲ್ಲಿ. ಅಲ್ಲಿ ನೀವು ಬರೆದದ್ದು ಒಂದೇ ಸಾಲು: 'ಬೆಂಗಳೂರಿನಲ್ಲೂ ಐ321 ಎಂಬ ತಳಿ ಸಿಕ್ಕಿದೆ.' ಅಲ್ಲೇ ನಿಲ್ಲಬೇಕಿತ್ತು! 1990ರ ಆಸುಪಾಸಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ತಂಡ ಬೆಂಗಳೂರಿನ ನವಜಾತ ಶಿಶುಗಳ ಮಲ ಪರೀಕ್ಷಿಸಿತು. ವೈರಸ್ ಇತ್ತು, ಭೇದಿ ಇರಲಿಲ್ಲ. ಅದರ 11 ಜೀನ್ ತುಂಡುಗಳಲ್ಲಿ 9 ದನದ ವೈರಸ್ಸಿನವು, 2 ಮಾತ್ರ ಮನುಷ್ಯರ ವೈರಸ್ಸಿನವು. ಈ ಐ321 ಜಿ10ಪಿ11 ಬಗೆಯದು; ದಕ್ಷಿಣ ಭಾರತದ ಕರುಗಳ ಭೇದಿಯಲ್ಲಿ ಇದೇ ಜಿ10 ಬಗೆ ಜಾಸ್ತಿ ಸಿಕ್ಕಿದೆ. ಓದುಗ ಇಲ್ಲಿ ಎದ್ದು ಕೂರುತ್ತಾನೆ.

ಇದು ಹೇಗಾಯಿತು ಎನ್ನುವುದಕ್ಕೆ ನೀವು ಎಲ್ಲ ಕಡೆ 'ಮ್ಯುಟೇಷನ್' ಎಂದಿದ್ದೀರಿ. ತಪ್ಪು. ಮ್ಯುಟೇಷನ್ ಅಚ್ಚಿನ ತಪ್ಪಿದ್ದ ಹಾಗೆ, ಒಂದಕ್ಷರ ಅತ್ತಿತ್ತ. ಐ321ರಲ್ಲಿ ನಡೆದದ್ದು ಬೇರೆ. ಪ್ರೆಸ್‌ನಲ್ಲಿ ಎರಡು ಪುಸ್ತಕಗಳ ಫಾರಂಗಳು, ಅಂದರೆ ಅಚ್ಚಾದ ಪುಟಗಳ ಕಂತೆಗಳು, ಬೆರೆತು ಒಂದೇ ರಟ್ಟಿನೊಳಗೆ ಬೈಂಡ್ ಆಗುತ್ತವಲ್ಲ, ಹಾಗೆ. ಎರಡು ತಳಿಗಳು ಒಂದೇ ಜೀವಕೋಶಕ್ಕೆ ಹೊಕ್ಕಾಗ, ಹೊಸ ವೈರಸ್ ಕಟ್ಟುವ ಹೊತ್ತಿಗೆ ತುಂಡುಗಳು ಅದಲುಬದಲಾಗುತ್ತವೆ. ಯಾರೂ ಸಂಚು ಮಾಡಿಲ್ಲ. ತಲೆಬರಹದಿಂದ ಆ ಪದ ತೆಗೆಯಿರಿ.

ತೆಗೆಯಿರಿ ಎನ್ನಲು ಇನ್ನೊಂದು ಕಾರಣ ಇದೆ. ನನ್ನ ತಂಗಿಯ ಮಗುವಿಗೆ ಎಂಟು ತಿಂಗಳಿದ್ದಾಗ ವಾಂತಿಭೇದಿ ಹತ್ತಿ, ಒಂದೇ ಹಗಲಿನಲ್ಲಿ ಕಣ್ಣು ಗುಳಿ ಬಿದ್ದವು. ಆ ಭಯ ನನಗೆ ಗೊತ್ತು. ಅಂಥ ಮನೆಯವರು, ಕೊಟ್ಟಿಗೆ ಇರುವವರು, ನಿಮ್ಮನ್ನು ಓದುತ್ತಾರೆ. ಕಾಯಿಲೆ ಬೀಳದ ಕೂಸುಗಳ ಕತೆಯನ್ನು ಹೆದರಿಸಲು ಬಳಸಬೇಡಿ. ಹಾಗಂತ ದನದ ಜೀನ್ ಬಂದರೆ ವೈರಸ್ ಸಾಧು ಎಂದೂ ಬರೆಯಬೇಡಿ. ಅದೇ ಜಿ10ಪಿ11 ಬಗೆ ವೆಲ್ಲೂರಿನಲ್ಲಿ ಕೆಲವು ನವಜಾತ ಶಿಶುಗಳಿಗೆ ಕಾಯಿಲೆ ತಂದಿತ್ತು. ಈ ಎರಡೂ ಊರು ನಿಮ್ಮ ಲೇಖನದಲ್ಲಿ ಅಕ್ಕಪಕ್ಕ ಇರಬೇಕು.

ಒಂದು ದೊಡ್ಡ ತಪ್ಪು: ಐ321ರಿಂದ ಲಸಿಕೆ ಬಂತು ಎಂದಿದ್ದೀರಿ. ಐ321ನ್ನೂ ದೆಹಲಿಯ 116ಇಯನ್ನೂ ಶಿಶುಗಳಿಗೆ ಕೊಟ್ಟು ನೋಡಿದರು. ಐ321ಕ್ಕೆ ಅಷ್ಟಾಗಿ ಪ್ರತಿರೋಧ ಹುಟ್ಟಲಿಲ್ಲ. ರೋಟಾವ್ಯಾಕ್ ಎಂಬ ಲಸಿಕೆ ಆದದ್ದು 116ಇ. ಅದನ್ನು ಕಂಡದ್ದು ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡ. ಅದೂ ನವಜಾತ ಶಿಶುಗಳಲ್ಲೇ ಸಿಕ್ಕಿದ್ದು, ಅದರಲ್ಲೂ ದನದ ಒಂದು ಜೀನ್ ಇದೆ. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ದನದ ಜೀನ್ ಇರುವ ವೈರಸ್ಸನ್ನೇ ಇವತ್ತು ಮಕ್ಕಳ ಬಾಯಿಗೆ ಐದು ಹನಿ ಹಾಕುತ್ತಾರೆ. ಇದನ್ನು ನೀವು ಬರೆಯದೆ ಬಿಟ್ಟಿರಲ್ಲ!

ಐದು ಪುಟಕ್ಕೆ ಇಳಿಸಿ, ಆ ನವಜಾತ ಶಿಶುಗಳಿಂದ ಶುರು ಮಾಡಿ, ಮುಂದಿನ ತಿಂಗಳು ಕಳಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ