ನಿಯಮ ಕಡಿಮೆ ಇರುವ ಸಾಮ್ರಾಜ್ಯ ಕಟ್ಟುವ ಗೇಮ್‌ಗಳು ಯಾಕೆ ಅಷ್ಟು ಹಿಡಿಸುತ್ತವೆ?

ನೂರಾರು ಕಟ್ಟಡ, ಹತ್ತಾರು ಸಂಪನ್ಮೂಲಗಳಿರುವ ದೊಡ್ಡ ಗೇಮ್ ಬಿಟ್ಟು ಜನ ಪುಟ್ಟ ಗೇಮ್‌ಗಳಿಗೆ ಅಂಟಿಕೊಳ್ಳುವುದೇಕೆ, ಅವುಗಳಲ್ಲಿ ತಂತ್ರಕ್ಕೆ ಜಾಗವಾದರೂ ಎಲ್ಲಿದೆ ಎಂದು ಕೇಳಿದ್ದೀರಿ. ಲೆಕ್ಕ ಪೂರ್ತಿ ತಲೆಯಲ್ಲೇ ಹಿಡಿಯುತ್ತದೆ ಎನ್ನುವುದೇ ನನ್ನ ಪ್ರಕಾರ ಕಾರಣ. ಸೋತರೆ ಎಡವಿದ್ದು ಯಾವ ನಡೆಯಲ್ಲಿ ಎಂದು ಬೆರಳಿಟ್ಟು ತೋರಿಸಬಹುದು.

ಒಂದು ಬುಡಕಟ್ಟನ್ನು ಆರಿಸಿಕೊಂಡು, ಸರದಿಯ ಮೇಲೆ ಆಡುತ್ತ ಊರುಗಳನ್ನು ಬೆಳೆಸುವ, 2016ರಲ್ಲಿ ಬಂದ ‘ದಿ ಬ್ಯಾಟಲ್ ಆಫ್ ಪಾಲಿಟೋಪಿಯಾ’ ಗೇಮ್ ನೋಡಿ. ಅಲ್ಲಿರುವುದು ಸ್ಟಾರ್ ಎಂಬ ಒಂದೇ ನಾಣ್ಯ. ಸೈನಿಕನಿಗೂ ಅದೇ, ಹೊಲಕ್ಕೂ ಅದೇ, ಬೇಟೆಯಂಥ ಹೊಸ ವಿದ್ಯೆ ಕಲಿಯುವುದಕ್ಕೂ ಅದೇ. ಬಾರ್ದುರ್ ಬುಡಕಟ್ಟನ್ನು ಆರಿಸಿಕೊಂಡರೆ ಬೇಟೆ ಮೊದಲೇ ಗೊತ್ತಿರುತ್ತದೆ, ಕೈಯಲ್ಲಿ 5 ಸ್ಟಾರ್. ಒಂದು ಪ್ರಾಣಿಗೆ 2 ಸ್ಟಾರ್ ಕೊಟ್ಟರೆ ಊರಿನ ಜನಸಂಖ್ಯೆ 1 ಏರುತ್ತದೆ. ಎರಡು ಪ್ರಾಣಿ ಹೊಡೆದರೆ ಊರು 2ನೇ ಹಂತ ಮುಟ್ಟುತ್ತದೆ. ಹಂತ ಏರಿದ್ದಕ್ಕೆ ಪ್ರತಿ ಟರ್ನ್‌ಗೆ (ಸರದಿಗೆ) 1 ಸ್ಟಾರ್ ಹೆಚ್ಚು, ಬಹುಮಾನದಲ್ಲಿ ವರ್ಕ್‌ಶಾಪ್ ತೆಗೆದುಕೊಂಡರೆ ಇನ್ನೊಂದು. ಹಾಕಿದ 4 ಸ್ಟಾರ್ ಎರಡೇ ಟರ್ನ್‌ನಲ್ಲಿ ವಾಪಸ್!

ಹೊಸಬರು ಎಡವುವುದೂ ಇಲ್ಲೇ. ಎರಡು ಊರುಗಳಿಗೆ ಒಂದೊಂದು ಜನಸಂಖ್ಯೆ ಹಂಚಿದರೆ ಖರ್ಚು ಅದೇ 4 ಸ್ಟಾರ್, ಆದರೆ ಯಾವ ಊರೂ ಹಂತ ಏರುವುದಿಲ್ಲ, ಆದಾಯ ಇದ್ದಲ್ಲೇ ಇರುತ್ತದೆ. ಒಂದು ಊರಿನ ಹಂತ ಏರಿಸಿಯೇ ಇನ್ನೊಂದಕ್ಕೆ ಕೈ ಹಾಕಿ. ಇದ್ದಬದ್ದ ಸ್ಟಾರ್ ಎಲ್ಲ ಸುರಿದು ಊರನ್ನು ಖಾಲಿ ಬಿಡುವುದು ಮತ್ತೊಂದು ತಪ್ಪು. ಶತ್ರು ಬಂದು ಊರಿನ ಮೇಲೆ ನಿಂತ ಕ್ಷಣದಿಂದ ಆ ಊರಿನ ಆದಾಯ ನಿಂತುಹೋಗುತ್ತದೆ. ಒಬ್ಬ ಯೋಧನಿಗೆ ಬೇಕಾದ 2 ಸ್ಟಾರ್ ಸದಾ ಇರಲಿ.

ಇಡೀ ಗೇಮ್‌ನ ಜೀವ ಇರುವುದು ವಿದ್ಯೆಯ ಬೆಲೆಯಲ್ಲಿ. ವಿದ್ಯೆಯ ಶ್ರೇಣಿಯನ್ನು (ಮೊದಲ ಮಟ್ಟದ್ದಾದರೆ 1, ಅದರ ಮೇಲಿನದಾದರೆ 2, ಹೀಗೆ) ಊರುಗಳ ಸಂಖ್ಯೆಯಿಂದ ಗುಣಿಸಿ 4 ಕೂಡಿಸಿ, ಅದೇ ಬೆಲೆ. 3ನೇ ಶ್ರೇಣಿಯ ವಿದ್ಯೆಗೆ ಒಂದು ಊರಿದ್ದಾಗ 7 ಸ್ಟಾರ್ ಸಾಕು, ಆರು ಊರಾದಾಗ 22 ಬೇಕು. ಹಾಗಾಗಿ ಪ್ರತಿ ಹೊಸ ಊರೂ ಆದಾಯ ತರುತ್ತಲೇ ಕಲಿಕೆಯನ್ನು ದುಬಾರಿ ಮಾಡುತ್ತದೆ. ಮುಂದಿನ ಟರ್ನ್‌ನಲ್ಲಿ ಊರು ಕೈಗೆ ಬರುವುದು ಖಚಿತವಾಗಿದ್ದರೆ, ಬೇಕಾದ ವಿದ್ಯೆಯನ್ನು ಈ ಟರ್ನ್‌ನಲ್ಲೇ ಕೊಂಡುಬಿಡಿ. ಗುಣಾಕಾರ ಬಲ್ಲ ಯಾರಿಗಾದರೂ ತಿಳಿಯುವ ಈ ಒಂದು ಸೂತ್ರದಿಂದ ಎಷ್ಟೊಂದು ಇಕ್ಕಟ್ಟು ಹುಟ್ಟುತ್ತದೆ ನೋಡಿ. ಅದಕ್ಕೇ ನನಗೆ ಈ ವಿನ್ಯಾಸದ ಮೇಲೆ ಅಷ್ಟು ಗೌರವ.

ಯುದ್ಧವೇ ಬೇಡ ಎನ್ನುವವರಿಗೆ ‘ಡಾರ್ಫ್‌ರೊಮ್ಯಾಂಟಿಕ್’ ಇದೆ. ಆರು ಬದಿಯ ಬಿಲ್ಲೆಗಳನ್ನು ಜೋಡಿಸುತ್ತ ಹೋಗುವುದು, ಬಿಲ್ಲೆ ಮುಗಿದರೆ ಗೇಮ್ ಮುಗಿಯಿತು. ಒಂದು ಬಿಲ್ಲೆಯ ಆರೂ ಬದಿ ಪಕ್ಕದ ಬಿಲ್ಲೆಗಳಿಗೆ, ಕಾಡಿಗೆ ಕಾಡು, ಹೊಲಕ್ಕೆ ಹೊಲ ಎಂಬಂತೆ, ಹೊಂದಿದರೆ ಒಂದು ಬಿಲ್ಲೆ ಮರಳಿ ಸಿಗುತ್ತದೆ. ಕಾಡಿನ ಪಕ್ಕ ಹೊಲ ಇಡಲು ಅಡ್ಡಿಯಿಲ್ಲ, ಆ ಲಾಭ ತಪ್ಪುತ್ತದೆ ಅಷ್ಟೇ. ರೈಲು ಹಳಿ ಮತ್ತು ನದಿ ಹಾಗಲ್ಲ, ತಮ್ಮಂಥದ್ದಕ್ಕೇ ಕೂಡಬೇಕು. ಸುತ್ತ ಬೇರೆ ಬಿಲ್ಲೆ ತುಂಬಿ, ಹಳಿಯ ತುದಿ ಚಾಚಿದ ಒಂದು ತೂತು ಉಳಿಸಿದಿರೋ, ಅದಕ್ಕೆ ಹೊಂದುವ ಬಿಲ್ಲೆ ಬರುವುದು ಅಪರೂಪ. ಹಳಿ, ನದಿಗಳ ತುದಿ ಯಾವಾಗಲೂ ಬಯಲಿನ ಕಡೆಗೇ ಇರಲಿ.

ಸರಳ ಎಂದ ಮಾತ್ರಕ್ಕೆ ತಂತ್ರ ಇದ್ದೇ ಇರುತ್ತದೆ ಎಂದಲ್ಲ. ಬಣ್ಣಬಣ್ಣದ ಪಟ್ಟಣ ಕಟ್ಟುವ ‘ಟೌನ್‌ಸ್ಕೇಪರ್’ ಕಣ್ಣಿಗೆ ಹಬ್ಬ, ಆದರೆ ಕಳೆದುಕೊಳ್ಳಲು ಅಲ್ಲಿ ಏನೂ ಇಲ್ಲ. ನಿಮಗೆ ತಂತ್ರವೇ ಬೇಕಿದ್ದರೆ ಪಾಲಿಟೋಪಿಯಾದ 30 ಟರ್ನ್‌ನ ಪರ್ಫೆಕ್ಷನ್ ಮೋಡ್ ಎರಡು ಸಲ ಆಡಿ. ಒಮ್ಮೆ ಊರು ಮೊದಲು, ಒಮ್ಮೆ ವಿದ್ಯೆ ಮೊದಲು. 10ನೇ ಟರ್ನ್‌ನಲ್ಲಿ ಎರಡರ ಆದಾಯ ಬರೆದಿಟ್ಟುಕೊಂಡು ಹೋಲಿಸಿ.