ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಮಿಕ್ಸ್‌ನ ಕರಾಳ ವೀರರು

ಪ್ರಶ್ನೆ: ಮಾರ್ವೆಲ್‌ನ 'ಸ್ಕ್ವಾಡ್ರನ್ ಸುಪ್ರೀಮ್' ಥೇಟ್ ಜಸ್ಟಿಸ್ ಲೀಗ್‌ನಂತಿದೆ. ನಕಲೇ? ಯಾವುದರಿಂದ ಓದಲು ಶುರು ಮಾಡಲಿ? (ಹಾಸನ)

ನಕಲೇ, ಅದೂ ಬೇಕೆಂದೇ ಮಾಡಿದ್ದು. 1969ರಲ್ಲಿ ಮಾರ್ವೆಲ್ ಲೇಖಕ ರಾಯ್ ಥಾಮಸ್ 'ಅವೆಂಜರ್ಸ್' 69ನೇ ಸಂಚಿಕೆಯಲ್ಲಿ ಎದುರಾಳಿ ಕಂಪನಿ ಡಿಸಿಯ ಜಸ್ಟಿಸ್ ಲೀಗ್ ವೀರರನ್ನು ಅಣಕಿಸಿ ಖಳರ ತಂಡವೊಂದನ್ನು ತಂದರು. ಹೈಪೀರಿಯನ್ ಅಂದರೆ ಸೂಪರ್‌ಮ್ಯಾನ್, ನೈಟ್‌ಹಾಕ್ ಅಂದರೆ ಬ್ಯಾಟ್‌ಮ್ಯಾನ್. 1971ರಲ್ಲಿ ಅದೇ ಮಾದರಿಯ ಸಜ್ಜನರ ತಂಡ ಬಂತು. ಅದೇ ಸ್ಕ್ವಾಡ್ರನ್ ಸುಪ್ರೀಮ್.

ಇವನ್ನೆಲ್ಲ ಬಿಟ್ಟರೂ ನಷ್ಟವಿಲ್ಲ. ಮಾರ್ಕ್ ಗ್ರೂನ್‌ವಾಲ್ಡ್ ಬರೆದ 1985-86ರ 12 ಸಂಚಿಕೆಗಳಿಂದ ಶುರು ಮಾಡಿ. ಆಮೇಲೆ ಅದೇ ವೀರರನ್ನು ಹೊಸದಾಗಿ ಕಟ್ಟಿದ 2003ರ 'ಸುಪ್ರೀಮ್ ಪವರ್', 18 ಸಂಚಿಕೆ, ಬರವಣಿಗೆ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ, ಚಿತ್ರ ಗ್ಯಾರಿ ಫ್ರ್ಯಾಂಕ್. ಕೊಳ್ಳುವಾಗ ಲೇಖಕರ ಹೆಸರು ನೋಡಿಕೊಳ್ಳಿ: 2006ರಲ್ಲೂ 'ಸ್ಕ್ವಾಡ್ರನ್ ಸುಪ್ರೀಮ್' ಹೆಸರಲ್ಲೇ, 'ಸುಪ್ರೀಮ್ ಪವರ್'ನ ಮುಂದುವರಿಕೆಯಾಗಿ ಸ್ಟ್ರಾಜಿನ್ಸ್ಕಿ ಸರಣಿ ಬಂದು, 7 ಸಂಚಿಕೆಗೆ ಅರ್ಧದಲ್ಲೇ ನಿಂತಿತು. ಹೆಸರು ನೋಡಿ ಅದನ್ನೇ ತಂದರೆ ಕಥೆಗೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಪ್ರಶ್ನೆ: 1985ರದ್ದರಲ್ಲಿ ರಕ್ತಪಾತ ಕಮ್ಮಿ, ಬಣ್ಣವೆಲ್ಲ ಝಗಮಗ. ಅದು ಕರಾಳ ಹೇಗೆ? (ಧಾರವಾಡ)

ತಂಡದ ವಿಜ್ಞಾನಿ ಟಾಮ್ ಥಂಬ್ ಕಟ್ಟುವ ಯಂತ್ರವನ್ನು ನೋಡಿ. ಹಾಳಾದ ಅಮೆರಿಕವನ್ನು ಒಂದೇ ವರ್ಷದಲ್ಲಿ ಸರಿಪಡಿಸುತ್ತೇವೆಂದು ತಂಡ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುತ್ತದೆ. ನೈಟ್‌ಹಾಕ್ ಒಪ್ಪದೆ ಹೊರನಡೆಯುತ್ತಾನೆ. ಅಪರಾಧಿಗಳ ಮನಸ್ಸು ತಿದ್ದಲೆಂದು ಯಂತ್ರ ಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಮದುವೆಗೆ ಒಲ್ಲೆ ಎಂದ ಲೇಡಿ ಲಾರ್ಕ್‌ಳನ್ನು ಅದೇ ತಂಡದ ಗೋಲ್ಡನ್ ಆರ್ಚರ್ ಗುಟ್ಟಾಗಿ ಅದೇ ಯಂತ್ರಕ್ಕೆ ಒಡ್ಡುತ್ತಾನೆ. ಆಮೇಲೆ ಅವಳು ಅವನನ್ನು ಬಿಟ್ಟು ಕದಲುವುದಿಲ್ಲ, ಅವನಿಗೇ ಉಸಿರು ಕಟ್ಟುತ್ತದೆ. ಒಂದು ಹನಿ ರಕ್ತವಿಲ್ಲ. ಕರಾಳ ವೀರರ ಕಥೆಗೆ ಹೆಸರಾದ ಡಿಸಿಯ 'ವಾಚ್‌ಮೆನ್' ಮೊದಲ ಸಂಚಿಕೆ ಬರುವ ಹೊತ್ತಿಗೆ ಈ ಕಥೆ ಬಹುತೇಕ ಮುಗಿದಿತ್ತು. ಸಲ್ಲಬೇಕಾದಷ್ಟು ಹೆಸರು ಇದಕ್ಕೆ ಸಿಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಅಂದಹಾಗೆ, 1996ರಲ್ಲಿ ತೀರಿಕೊಂಡ ಗ್ರೂನ್‌ವಾಲ್ಡ್ ಅವರ ಇಚ್ಛೆಯಂತೆ, ಸಂಕಲನದ ಮೊದಲ ಮುದ್ರಣದ ಶಾಯಿಯಲ್ಲಿ ಅವರ ಚಿತಾಭಸ್ಮ ಬೆರೆಸಲಾಗಿತ್ತು.

ಪ್ರಶ್ನೆ: ಹಳೆಯ ವೀರರ ತಂಡವೊಂದರ ಕರಾಳ ರೂಪವನ್ನು 22 ಪುಟದಲ್ಲಿ ಬರೆಯುತ್ತಿದ್ದೇನೆ. ಐವರು ವೀರರು. ಎಲ್ಲರೂ ಒಂದೇ ಥರ ಕಾಣುತ್ತಿದ್ದಾರೆ. (ಮೈಸೂರು)

ಐವರನ್ನೂ ಕೆಡಿಸಿದ್ದೀರಿ, ಅದಕ್ಕೇ. ಪ್ರತಿಯೊಬ್ಬರ ಹುಟ್ಟುಕಥೆಯನ್ನು ಒಂದೊಂದು ಸಾಲಿನಲ್ಲಿ ಬರೆದು, ಒಂದೇ ಒಂದು ಸಂಗತಿ ಬದಲಿಸಿ. 'ಸುಪ್ರೀಮ್ ಪವರ್'ನಲ್ಲೂ ಸೂಪರ್‌ಮ್ಯಾನ್ ಕಥೆಯಂತೆ ಆಕಾಶದಿಂದ ಬಿದ್ದ ಮಗು ದಂಪತಿಗೇ ಸಿಗುತ್ತದೆ. ಆದರೆ ಸರ್ಕಾರ ಬಂದು ಎತ್ತಿಕೊಂಡು ಹೋಗಿ, ನಕಲಿ ಅಪ್ಪ-ಅಮ್ಮನನ್ನಿಟ್ಟು ಬೆಳೆಸುತ್ತದೆ. ಶಕ್ತಿಯೆಲ್ಲ ಹಳೆಯದೇ, ಸಾಕಿದವರು ಮಾತ್ರ ಬೇರೆ. ಅದರಿಂದ ಬರುವ ಅಪನಂಬಿಕೆಯೇ ಮುಂದಿನ ಕಥೆ.

ಲೆಕ್ಕವನ್ನೂ ನೋಡಿ. ಪುಟಕ್ಕೆ 5 ಚೌಕಟ್ಟು ಅಂದರೂ ಒಟ್ಟು 110. ಐವರಿಗೆ ಹಂಚಿದರೆ ತಲೆಗೆ 22, ಯಾರಿಗೂ ಸಾಲದು. ಮೊದಲ ಸಂಚಿಕೆಯಲ್ಲಿ ಒಬ್ಬನಿಗೆ 60-70 ಕೊಟ್ಟು, ಉಳಿದವರನ್ನು ಟಿವಿ ಸುದ್ದಿಯಲ್ಲೋ ಪತ್ರಿಕೆಯ ತುಣುಕಿನಲ್ಲೋ ತೋರಿಸಿ. ಒಬ್ಬರಾದರೂ ತಂಡದ ನಿರ್ಧಾರಕ್ಕೆ ಅಡ್ಡ ನಿಲ್ಲಲಿ, ಅದೂ ಸರಿಯಾದ ಕಾರಣಕ್ಕೆ. ಇಲ್ಲದಿದ್ದರೆ ವಾದವೇ ಹುಟ್ಟದು.

ಕನ್ನಡದಲ್ಲಿ ಬರೆಯುವುದಾದರೆ ಮಾತಿನ ಗುಳ್ಳೆಗೆ 12-15 ಪದ ಸಾಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಕರಾಳವೆಂದು ಎಲ್ಲ ಚೌಕಟ್ಟಿಗೂ ಕಪ್ಪು ತುಂಬಿಸಬೇಡಿ. ಅಗ್ಗದ ಕಾಗದ ಶಾಯಿ ಹೀರಿ ಮುಖಗಳೆಲ್ಲ ಕಲೆಸಿಹೋಗುತ್ತವೆ.

ಪ್ರಶ್ನೆ: 13 ವರ್ಷದ ಮಗನಿಗೆ 'ಸುಪ್ರೀಮ್ ಪವರ್' ಕೊಡಬಹುದೇ? (ಶಿವಮೊಗ್ಗ)

ಬೇಡ. ಅದು ಮಾರ್ವೆಲ್‌ನ ವಯಸ್ಕರ ವಿಭಾಗ 'ಮ್ಯಾಕ್ಸ್'ನಲ್ಲಿ ಬಂದದ್ದು. ನಗ್ನತೆ, ಕ್ರೌರ್ಯ ಎರಡೂ ಇವೆ. 1985ರದ್ದನ್ನು ಕೊಡಿ, ಆದರೆ ಯಂತ್ರದ ಭಾಗವನ್ನು ಮೊದಲು ನೀವು ಓದಿಕೊಳ್ಳಿ. ಅವನು ಪ್ರಶ್ನೆ ಕೇಳಿಯೇ ಕೇಳುತ್ತಾನೆ.